ಬರೆ ಕಡಿಯುವ ಬದಲು ಕಾರನ್ನೇ ಮೇಲೆತ್ತಿದರೆ

ಮನೆ ಹತ್ತಿರ ಇನ್ನೊಂದು ಗಾಡಿಗೆ ಜಾಗ ಬೇಕು ಅಂದರೆ ನಮ್ಮ ಕೊಡಗಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಜೆಸಿಬಿ ಕರೆಸಿ, ಮನೆ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಮಣ್ಣಿನ ಇಳಿಜಾರನ್ನು, ಒಂದೆಂಟು ಅಡಿ ತೆಗೆಸಿಬಿಡಿ. ಅರ್ಧ ದಿನದ ಕೆಲಸ. ತೆಗೆದ ಮಣ್ಣನ್ನು ಮುಂದಕ್ಕೆ ತಳ್ಳಿದರೆ ಅಂಗಳವೂ ದೊಡ್ಡದಾಗುತ್ತದೆ. ನಮ್ಮ ಮನೆಗೆ ಬಂದು ಜಾಗ ನೋಡಿದ ಆಪರೇಟರ್ ಕೂಡ ಇದನ್ನೇ ಹೇಳಿದರು. ಅದರಲ್ಲಿ ಸುಳ್ಳೇನೂ ಇಲ್ಲ. ಇಲ್ಲಿನ ಎಷ್ಟೋ ಮನೆ, ಕಣ, ಗೋದಾಮು ನಿಂತಿರುವುದೇ ಹಾಗೆ ಸಮ ಮಾಡಿದ ಜಾಗದ ಮೇಲೆ.

ಆದರೆ 2018ರ ಆಗಸ್ಟ್ ಕಂಡವರಿಗೆ ಆ ಮಾತು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಮಡಿಕೇರಿಗೂ ಸುಂಟಿಕೊಪ್ಪಕ್ಕೂ ನಡುವೆ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ತೋಟ ಸಮೇತ ಜಾರಿ ಬಂದಾಗ ಇಲ್ಲಿ ರಾತ್ರಿ ಯಾರೂ ಸರಿಯಾಗಿ ಮಲಗಿರಲಿಲ್ಲ. ಮುಂದಿನ ವರ್ಷ ತೋರ ಗ್ರಾಮದಲ್ಲಿ, ಅದರ ಮುಂದಿನ ವರ್ಷ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಇದೇ ಆಯಿತು. ಮಳೆ ಜಾಸ್ತಿ ಬಂದಿದ್ದು ನಿಜ. ಅದರ ಜೊತೆಗೆ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಒಂದು ಕಾರಿಗೆ ನೆರಳು ಮಾಡೋಕೆ ಮತ್ತೆ ಅದೇ ಕೆಲಸ ಮಾಡಬೇಕಾ? ಇದು ನನ್ನ ತಲೆಯಲ್ಲಿ ಕೂತು ಬಹಳ ದಿನ ಆಯಿತು.

ಮನೆಯಲ್ಲಿ ಎರಡು ಗಾಡಿ ಇವೆ. ಒಂದು ಅಪ್ಪನ ಹಳೆಯ ಡೀಸೆಲ್ ಜೀಪು. ತೋಟದೊಳಗೆ, ಮಳೆಗಾಲದ ಕೆಸರಲ್ಲಿ, ಕಾಫಿ ಕುಯ್ಲಿನ ಹೊತ್ತಲ್ಲಿ ಅದಿಲ್ಲದೆ ಆಗುವುದಿಲ್ಲ. ಇನ್ನೊಂದು ನನ್ನ ಕಾರು, ಮೈಸೂರು ಬೆಂಗಳೂರಿಗೆ ಓಡಾಡೋಕೆ. ಇರುವ ಶೆಡ್ ಒಂದೇ ಗಾಡಿಯದು. ಜೂನಿಂದ ಸೆಪ್ಟೆಂಬರ್‌ವರೆಗೆ ಕಾರು ಹೊರಗೆ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲುತ್ತದೆ. ಗಾಳಿ ಎದ್ದಾಗಲೆಲ್ಲ ಕೊಂಬೆ ಬೀಳುತ್ತೇನೋ ಅಂತ ಕಿಟಕಿಯಿಂದ ನೋಡುವುದು. ಮಳೆ ಬಿಡುವ ಹೊತ್ತಿಗೆ ಗಾಜಿನ ಬೀಡಿಂಗಲ್ಲಿ ಪಾಚಿ, ಬ್ರೇಕ್ ಡಿಸ್ಕ್ ಮೇಲೆ ತುಕ್ಕು.

ಹೀಗಿರುವಾಗ ಕುಶಾಲನಗರದಲ್ಲಿ ವೀಲ್ ಅಲೈನ್‌ಮೆಂಟ್‌ಗೆ ಗಾಡಿ ಬಿಟ್ಟು ನಿಂತಿದ್ದೆ. ಕಾರು ಲಿಫ್ಟಿನ ನಾಲ್ಕು ಕಂಬಗಳ ನಡುವಿನ ಎರಡು ಉದ್ದ ಹಲಗೆಗಳ ಮೇಲೆ ಹತ್ತಿ, ನಿಧಾನಕ್ಕೆ ತಲೆ ಮೇಲೆ ಹೋಯಿತು. ಕೆಳಗೆ ಖಾಲಿ ಜಾಗ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಖಾಲಿ ಜಾಗವೇ. ಬರೆಯ ಒಂದು ಬುಟ್ಟಿ ಮಣ್ಣೂ ತೆಗೆಯದೆ ಇನ್ನೊಂದು ಗಾಡಿ ನಿಲ್ಲುತ್ತದೆ ಅಲ್ವಾ!

ಗುಂಡಿ, ಎರಡು ಕಂಬ, ನಾಲ್ಕು ಕಂಬ

ಗಾಡಿ ಕೆಳಗೆ ಕೆಲಸ ಮಾಡೋಕೆ ಹಿಂದಿನವರು ಗುಂಡಿ ತೋಡುತ್ತಿದ್ದರು. ಬಯಲುಸೀಮೆಯಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಜೂನ್ ಎರಡನೇ ವಾರಕ್ಕೆ ಆ ಗುಂಡಿಯಲ್ಲಿ ಒರತೆ ಏಳುತ್ತದೆ. ಇನ್ನೊಂದು ಅಪಾಯವೂ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತದೆ. ಬಲ್ಬಿನ ಒಂದು ಕಿಡಿ ಸಾಕು. ಅಲ್ಲದೆ ಗುಂಡಿಯಿಂದ ಇನ್ನೊಂದು ಗಾಡಿಗೆ ಜಾಗ ಸಿಗುವುದಿಲ್ಲ.

ಎರಡು ಕಂಬದ ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಇಷ್ಟ. ಅದು ಗಾಡಿಯನ್ನು ಚಾಸಿಯಿಂದ ಹಿಡಿದೆತ್ತುತ್ತದೆ. ನಾಲ್ಕೂ ಚಕ್ರ ಗಾಳಿಯಲ್ಲಿ ತೂಗುತ್ತವೆ, ಬ್ರೇಕ್ ಸಸ್ಪೆನ್ಷನ್ ಕೆಲಸಕ್ಕೆ ಅನುಕೂಲ. ಆದರೆ ಆ ಎರಡು ಕಂಬಗಳು ನಿಂತಿರುವುದೇ ನೆಲಕ್ಕೆ ಬಿಗಿದ ಬೋಲ್ಟ್‌ಗಳ ಬಲದ ಮೇಲೆ. ಕಾಂಕ್ರೀಟು ದಪ್ಪ ಇರಬೇಕು, ಗಟ್ಟಿ ಇರಬೇಕು. ತಿಂಗಳುಗಟ್ಟಲೆ ಗಾಡಿಯನ್ನು ಮೇಲೆ ಬಿಟ್ಟು, ಕೆಳಗೆ ಇನ್ನೊಂದನ್ನು ನಿಲ್ಲಿಸಿ ನೆಮ್ಮದಿಯಾಗಿ ಮಲಗೋಕೆ ನಾಲ್ಕು ಕಂಬದ್ದೇ ಸರಿ. ಗಾಡಿ ತನ್ನ ಚಕ್ರದ ಮೇಲೆಯೇ ನಿಂತಿರುತ್ತದೆ, ಭಾರ ನಾಲ್ಕು ಮೂಲೆಗೆ ಹಂಚಿಹೋಗುತ್ತದೆ. ಚಕ್ರ ಬಿಚ್ಚಬೇಕಾದರೆ ಎರಡು ಹಲಗೆಗಳ ನಡುವೆ ಜಾಕ್ ಇಡಲು ಒಂದು ತಟ್ಟೆ ಸಿಗುತ್ತದೆ, ಅದನ್ನು ಜೊತೆಗೇ ತೆಗೆದುಕೊಳ್ಳಬೇಕು.

ಒಳಗಿನ ಯಂತ್ರ ಸರಳ. ಒಂದು ಹಲಗೆಯ ಅಡಿಯಲ್ಲಿ ಒಂದೇ ಹೈಡ್ರಾಲಿಕ್ ಸಿಲಿಂಡರ್. ಅದು ನಾಲ್ಕು ಉಕ್ಕಿನ ಹಗ್ಗಗಳನ್ನು ಎಳೆಯುತ್ತದೆ. ಹಗ್ಗಗಳು ರಾಟೆಗಳ ಮೇಲಿಂದ ಹಾದು ನಾಲ್ಕು ಕಂಬಕ್ಕೆ ಹೋಗುತ್ತವೆ. ಪ್ರತಿ ಕಂಬದೊಳಗೆ ಏಣಿಯ ಹಾಗೆ ಕಚ್ಚು ಇರುವ ಪಟ್ಟಿ. ಹಲಗೆ ಮೇಲೇರುತ್ತಾ ಹೋದಂತೆ ಲಾಕ್‌ನ ನಾಲಗೆ ಒಂದೊಂದು ಕಚ್ಚನ್ನೂ ದಾಟಿ ಟಕ್ ಟಕ್ ಅಂತ ಬೀಳುತ್ತದೆ. ಬೇಕಾದ ಎತ್ತರ ಬಂದ ಮೇಲೆ ಸ್ವಲ್ಪ ಕೆಳಗಿಳಿಸಿ ನಾಲ್ಕೂ ಲಾಕ್ ಮೇಲೆ ಕೂರಿಸಬೇಕು. ಆಮೇಲೆ ಭಾರ ಹೊರುವುದು ಎಣ್ಣೆಯೂ ಅಲ್ಲ, ಹಗ್ಗವೂ ಅಲ್ಲ, ಆ ಕಚ್ಚಿನ ಮೇಲೆ ಕೂತ ಉಕ್ಕು.

ಇದನ್ನು ಓದಿದಾಗ ನನಗೆ ಅಪ್ಪ ನೆನಪಾದರು. ನಾನು ಹೈಸ್ಕೂಲಲ್ಲಿದ್ದಾಗ ಒಂದು ಜುಲೈನಲ್ಲಿ ಜೀಪಿನ ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿ ಮುರಿದಿತ್ತು. ಮಳೆ ಹನಿಯುತ್ತಿತ್ತು. ಅಪ್ಪ ಹಲಸಿನ ಹಲಗೆಯ ಮೇಲೆ ಜಾಕ್ ಇಟ್ಟು ಎತ್ತಿದರು. ಎತ್ತಿದ ಕೂಡಲೇ ಒಳಗೆ ಹೋಗಲಿಲ್ಲ. ಕಣದ ಅಂಚಿನಿಂದ ಚಪ್ಪಟೆ ಕಲ್ಲುಗಳನ್ನು ತಂದು ಆಕ್ಸಲ್ ಅಡಿ ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಜಾಕನ್ನು ಇಳಿಸಿ ಜೀಪು ಕಲ್ಲಿನ ಮೇಲೆ ಕೂರುವ ಹಾಗೆ ಮಾಡಿದರು. ನಾನು ಟಾರ್ಚ್ ಹಿಡಿದು ಕೂತಿದ್ದೆ, ಕಾಲಿಗೆ ಜಿಗಣೆ ಹತ್ತುತ್ತಿದ್ದವು, ಬೇಗ ಮುಗಿಸಲಿ ಅಂತ ಅವಸರ. "ಜಾಕ್ ಇರೋದು ಎತ್ತೋಕೆ, ಹೊರೋದು ಕಲ್ಲು" ಅಂದರು. ಸ್ವಲ್ಪ ಹೊತ್ತಿಗೆ ಕೆಂಪು ಮಣ್ಣು ನೆನೆದು ಹಲಗೆ ಜಾರಿತು, ಜಾಕ್ ಮಗುಚಿ ಬಿತ್ತು. ಅಪ್ಪ ಅಡಿಯಲ್ಲೇ ಇದ್ದರು. ಜೀಪು ಒಂದಿಂಚೂ ಅಲುಗಲಿಲ್ಲ. ಅವರು ಅಲ್ಲಿಂದಲೇ ಕೈಚಾಚಿ 17ರ ಸ್ಪ್ಯಾನರ್ ಕೊಡು ಅಂದರು.

ಹಾಗಾಗಿ ಲಿಫ್ಟ್ ಮಾರುವವರು ಎಷ್ಟು ಟನ್ ಎತ್ತುತ್ತದೆ ಅಂತ ಹೇಳಲು ಶುರು ಮಾಡಿದಾಗ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಲಾಕ್ ಎಷ್ಟು ಇಂಚಿಗೊಂದು ಇದೆ? ನಾಲ್ಕೂ ಕಂಬದಲ್ಲಿ ಬೇರೆ ಬೇರೆ ಇದೆಯಾ? ಹಗ್ಗ ಸಡಿಲವಾದರೆ ಅಥವಾ ತುಂಡಾದರೆ ತಾನಾಗಿ ಹಿಡಿದುಕೊಳ್ಳುವ ಎರಡನೇ ಲಾಕ್ ಇದೆಯಾ? ಎತ್ತುವ ಶಕ್ತಿ ಬೇಕಾದಷ್ಟು ಇದ್ದೇ ಇರುತ್ತದೆ. ಮನೆಗೆಂದು ಮಾರುವ ನಾಲ್ಕು ಕಂಬದ ಲಿಫ್ಟ್‌ಗಳು ಸಾಮಾನ್ಯವಾಗಿ ಮೂರು ಟನ್ನಿನ ಮೇಲೇ ಇರುತ್ತವೆ. ಹಳೆಯ ಜಿಪ್ಸಿ ಒಂದು ಟನ್ನಿನ ಆಸುಪಾಸು, ಫಾರ್ಚೂನರ್ ಎರಡು ಟನ್ ದಾಟುತ್ತದೆ. ಯುರೋಪಿನ ಇಎನ್ 1493 ಮಾನದಂಡದ ಪ್ರಮಾಣಪತ್ರ ಇದೆಯಾ ಅಂತಲೂ ಕೇಳಿ. ಅದು ಗಾಡಿ ಎತ್ತುವ ಲಿಫ್ಟ್‌ಗಳ ಸುರಕ್ಷತೆಗೆಂದೇ ಮಾಡಿದ್ದು. ಅಮೆರಿಕದಲ್ಲಿ ಲಿಫ್ಟ್ ತಯಾರಕರ ಸಂಘವಾದ ಎಎಲ್‌ಐನ ಗುರುತು ನೋಡುತ್ತಾರೆ. ನಮ್ಮ ಹತ್ತಿರ ಕೊಯಮತ್ತೂರಿನ ಎಟಿಎಸ್ ಎಲ್ಜಿಯಂಥ ಕಂಪನಿಗಳು ಗ್ಯಾರೇಜ್ ಸಾಮಾನನ್ನು ಇಲ್ಲೇ ಮಾಡುತ್ತವೆ. ನಾಳೆ ಒಂದು ಸೀಲ್ ಹೋದರೆ, ರಾಟೆ ಸವೆದರೆ, ಬಿಡಿಭಾಗ ಘಟ್ಟ ಹತ್ತಿ ಬರೋಕೆ ಎಷ್ಟು ದಿನ ಅನ್ನುವುದು ನನಗೆ ಬಣ್ಣಕ್ಕಿಂತ, ಬೆಲೆಗಿಂತ ಮುಖ್ಯ.

ಹಾರೆ ಹಾಕಿ ನೋಡಿದ್ದು

ಲಿಫ್ಟಿನ ಕಾಗದದಲ್ಲಿ ನೆಲದ ಬಗ್ಗೆ ಒಂದೇ ಸಾಲು ಇರುತ್ತದೆ. ನಾಲ್ಕಿಂಚು ದಪ್ಪದ ಕಾಂಕ್ರೀಟು, ಇಷ್ಟು ಬಲ, ಸಮತಟ್ಟು. ಅದನ್ನು ಬರೆದವರ ತಲೆಯಲ್ಲಿರುವ ನೆಲ ಸಪಾಟು ಊರಿನದು. ನಮ್ಮ ಶೆಡ್ಡಿನ ನೆಲ ಹಾಗಲ್ಲ. ಒಳಗಿನ ಅರ್ಧ ಬರೆ ಕಡಿದು ಸಿಕ್ಕ ಗಟ್ಟಿ ನೆಲ, ಹೊರಗಿನ ಅರ್ಧ ಆ ಮಣ್ಣನ್ನೇ ತುಂಬಿಸಿ ಸಮ ಮಾಡಿದ್ದು. ಮೇಲೆ ಒಂದೇ ಸಿಮೆಂಟು, ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗಬೇಕಾದರೆ ಅಗೆದೇ ನೋಡಬೇಕು. ಕಂಬ ಬರುವ ನಾಲ್ಕು ಜಾಗದಲ್ಲೂ ಸಿಮೆಂಟು ಒಡೆಸಿ ಸಣ್ಣ ಗುಂಡಿ ಮಾಡಿಸಿದೆ. ಬರೆ ಕಡೆಯ ಎರಡು ಗುಂಡಿಯಲ್ಲಿ ಹಾರೆ ಹಾಕಿದರೆ ಠಣ್ ಅಂತ ಹಿಂದಕ್ಕೆ ಬಂತು. ಜಂಬಿಟ್ಟಿಗೆ ಬೆರೆತ ಕೆಂಪು ಮಣ್ಣು, ಗೀರಿದರೆ ಪುಡಿ ಉದುರುತ್ತದೆ ಅಷ್ಟೇ. ಕಣಿವೆ ಕಡೆಯ ಗುಂಡಿಗಳಲ್ಲಿ ಹಾರೆ ತಾನೇ ಇಳಿದುಕೊಂಡು ಹೋಯಿತು. ಒಂದು ಮೊಳ, ಎರಡು ಮೊಳ. ಮಣ್ಣಿನ ಬಣ್ಣ ಕಪ್ಪು, ನಡುವೆ ಕೊಳೆತ ಕಾಫಿ ಬೇರು, ಒಂದು ಗೊಬ್ಬರದ ಚೀಲದ ನೀಲಿ ತುಂಡು. ಕೈಯಲ್ಲಿ ಹಿಂಡಿದರೆ ನೀರು ಬರುವಷ್ಟು ತೇವ, ಅದೂ ಮಳೆ ನಿಂತು ಎಷ್ಟೋ ದಿನವಾದ ಮೇಲೆ.

ಈಗ ಲೆಕ್ಕ ಹಾಕಿ. ಒಂದೂವರೆ ಟನ್ನಿನ ಗಾಡಿ, ಲಿಫ್ಟಿನದ್ದೇ ತೂಕ ಮುಕ್ಕಾಲು ಟನ್ನಿನ ಆಸುಪಾಸು. ಇಂಜಿನ್ ಇರುವ ಕಡೆ ಭಾರ ಜಾಸ್ತಿ. ಆ ಕಡೆಯ ಒಂದು ಕಂಬದ ಕೆಳಗೆ, ಊಟದ ತಟ್ಟೆಯಷ್ಟು ಜಾಗದ ಮೇಲೆ, 50 ಕಿಲೋದ ಕಾಫಿ ಚೀಲಗಳನ್ನು ಹನ್ನೆರಡು ಹದಿಮೂರು ಒಟ್ಟಿದಷ್ಟು ಭಾರ. ಎರಡು ಕಂಬ ಬಂಡೆಯಂಥ ನೆಲದ ಮೇಲೆ, ಇನ್ನೆರಡು ಕೂರುತ್ತಾ ಹೋಗುವ ಮಣ್ಣಿನ ಮೇಲೆ. ಒಂದು ಮಳೆಗಾಲ ಕಳೆದರೆ ಲಿಫ್ಟ್ ಕಣಿವೆ ಕಡೆಗೆ ವಾಲುತ್ತದೆ. ಕಂಬದ ಅಡಿಗೆ ತೆಳು ತಗಡು ಕೊಟ್ಟು ಸಮ ಮಾಡಬಹುದು. ಅದು ನೆಲದ ಸಣ್ಣ ಏರುಪೇರಿಗೆ ಮಾತ್ರ, ಕುಸಿಯುತ್ತಿರುವ ನೆಲಕ್ಕೆ ಅದು ಮದ್ದಲ್ಲ.

ಕೆಲವರು ಕಾಫಿ ಕಣದ ಮೇಲೇ ನಿಲ್ಲಿಸಿ ಅಂದರು. ಕಣದ ಸಿಮೆಂಟು ಕಾಫಿ ಹರಡೋಕೆ ಹಾಕಿದ್ದು, ಎಷ್ಟೋ ಕಡೆ ಎರಡು ಮೂರಿಂಚು ಕೂಡ ಇರುವುದಿಲ್ಲ. ಇಷ್ಟು ಭಾರಕ್ಕೆ ಅದು ಬೇಡವೇ ಬೇಡ.

ಕೊನೆಗೆ ನಾನು ಲಿಫ್ಟಿನ ದಿಕ್ಕನ್ನೇ ತಿರುಗಿಸಿದೆ. ಮೊದಲು ಅಂದುಕೊಂಡಿದ್ದು ಗಾಡಿಯ ಮೂತಿ ಬರೆ ಕಡೆ ಇರುವ ಹಾಗೆ. ಈಗ ಬರೆಗೆ ಸಮಾನಾಂತರವಾಗಿ ಉದ್ದಕ್ಕೆ. ಆಗ ನಾಲ್ಕೂ ಕಂಬ ಗಟ್ಟಿ ನೆಲದ ಮೇಲೇ ಬರುತ್ತವೆ. ಶೆಡ್ಡಿನ ಬಾಗಿಲು ಪಕ್ಕಕ್ಕೆ ಹೋಗುತ್ತದೆ, ಒಂದು ಗೋಡೆ ಒಡೆಯಬೇಕು, ಖರ್ಚು ಇದೆ. ಇರಲಿ. ಕಾಂಕ್ರೀಟು ಎಂ 25 ದರ್ಜೆಯದು, ಆರಿಂಚು, ಕಂಬಿ ಹೆಣೆದು. ಇಂಜಿನಿಯರ್ ಒಬ್ಬರು ಬಂದು ನೋಡಿ ಇದನ್ನೇ ಹೇಳಿದರು. ಬರೆಯ ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ, ತಡೆಗೋಡೆಯಲ್ಲಿ ನೀರು ಹೊರಬರಲು ಕಿಂಡಿ, ಇವೆರಡೂ ಲಿಫ್ಟ್ ಬರುವ ಮೊದಲೇ ಆಗಬೇಕು ಅಂದರು. ಕಾಂಕ್ರೀಟು ಪೂರ್ತಿ ಬಲ ಬರಲು 28 ದಿನ. ಅಷ್ಟರವರೆಗೆ ಕಂಬಕ್ಕೆ ಬೋಲ್ಟ್ ಹಾಕುವ ಮಾತೇ ಇಲ್ಲ.

ಕರೆಂಟ್ ಇಲ್ಲದ ವಾರ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಇದನ್ನು ಯಾವ ಮಾರಾಟಗಾರರೂ ತಾವಾಗಿ ಹೇಳಲಿಲ್ಲ.

ಸಿದ್ದಾಪುರದ ಕಡೆ ನಮ್ಮ ಪರಿಚಯದವರೊಬ್ಬರು ಇಂಥದ್ದೇ ಲಿಫ್ಟ್ ಹಾಕಿಸಿದ್ದಾರೆ. ನೋಡೋಣ ಅಂತ ಹೋದದ್ದು ಜುಲೈನಲ್ಲಿ. ಹೋದಾಗ ಅವರ ಮನೆಯಲ್ಲಿ ಗಡಿಬಿಡಿ. ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು, ಕಾರು ಲಿಫ್ಟ್ ಮೇಲಿದೆ, ಮರ ಬಿದ್ದು ಲೈನ್ ಹೋಗಿ ಕರೆಂಟ್ ಇಲ್ಲದೆ ಎರಡನೇ ದಿನ. ಇಳಿಸುವುದಕ್ಕೆ ಕರೆಂಟ್ ಯಾಕೆ, ಭಾರಕ್ಕೆ ತಾನೇ ಇಳಿಯುತ್ತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಎಣ್ಣೆಯ ಮೇಲೆ ನಿಂತಿದ್ದರೆ ಇಳಿಯುತ್ತದೆ, ನಿಜ. ಆದರೆ ಗಾಡಿ ಕೂತಿರುವುದು ಲಾಕ್ ಮೇಲೆ. ಲಾಕ್ ಬಿಡಿಸಬೇಕಾದರೆ ಮೊದಲು ಗಾಡಿಯನ್ನು ಒಂದೆರಡು ಇಂಚು ಮೇಲೆತ್ತಬೇಕು. ಎತ್ತೋಕೆ ಮೋಟರ್ ತಿರುಗಬೇಕು. ಮೋಟರ್‌ಗೆ ಕರೆಂಟ್ ಬೇಕು.

ಮನೆಯ ಪುಟ್ಟ ಜನರೇಟರ್ ತಂದು ಜೋಡಿಸಿದರು. ಬಟನ್ ಒತ್ತಿದ ಕೂಡಲೇ ಜನರೇಟರ್‌ನ ಸದ್ದು ಕುಗ್ಗಿತು, ಮೋಟರ್ ಗುಂಯ್ ಅಂದಿತು, ತಿರುಗಲಿಲ್ಲ. ಎರಡು ಎಚ್‌ಪಿ ಮೋಟರ್ ಓಡುವಾಗ ಎಳೆಯುವ ಕರೆಂಟಿಗಿಂತ ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಜಾಸ್ತಿ ಎಳೆಯುತ್ತದೆ. ಬ್ಯಾಟರಿ ಇನ್ವರ್ಟರ್ ಅಂತೂ ಲೆಕ್ಕಕ್ಕೇ ಇಲ್ಲ. ಕೊನೆಗೆ ಪಕ್ಕದ ತೋಟದ ಪಲ್ಪರ್ ಮನೆಯಿಂದ ದೊಡ್ಡ ಜನರೇಟರನ್ನು ಪಿಕಪ್‌ನಲ್ಲಿ ಹೇರಿಕೊಂಡು ಬಂದರು. ಕಾರು ಇಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಅಲ್ಲೇ ಇನ್ನೊಂದು ಕಂಡೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಲಾಕ್ ಬೀಳುವ ಟಕ್ ಸದ್ದು ಕೇಳುವುದೇ ಇಲ್ಲ. ನಾಲ್ಕು ಸದ್ದು ಎಣಿಸಿ ಸಮಾಧಾನ ಮಾಡಿಕೊಳ್ಳುವ ಅಭ್ಯಾಸ ಬೇರೆ ಊರಿಗೆ ಸರಿ. ಇಲ್ಲಿ ನಾಲ್ಕು ಕಂಬಕ್ಕೂ ನಡೆದುಹೋಗಿ, ಟಾರ್ಚ್ ಹಾಕಿ, ಲಾಕ್‌ನ ನಾಲಗೆ ಒಂದೇ ಎತ್ತರದ ಕಚ್ಚಿನಲ್ಲಿ ಕೂತಿದೆಯಾ ಅಂತ ಕಣ್ಣಲ್ಲಿ ನೋಡಬೇಕು. ಮೂರು ಕೂತು ಒಂದು ಕೂರದಿದ್ದರೆ ಆ ಮೂಲೆಯ ಭಾರವೆಲ್ಲ ಹಗ್ಗದ ಮೇಲೆ. ಕಂಬದ ಲಾಕ್ ಕಾಣುವ ಕಿಂಡಿ ಹೊರಮುಖಕ್ಕಿರುವ ಲಿಫ್ಟ್ ನೋಡಿ. ಶೆಡ್ಡಿನ ಗೋಡೆಗೂ ಕಂಬಕ್ಕೂ ನಡುವೆ ಮನುಷ್ಯ ಹೋಗುವಷ್ಟು ಜಾಗ ಬಿಡಿ.

ಹಾಗಾಗಿ ನನ್ನ ಆಯ್ಕೆ ಹೀಗೆ ನಿಂತಿತು. ಮೋಟರ್ ಸಿಂಗಲ್ ಫೇಸ್, 230 ವೋಲ್ಟ್, 50 ಹರ್ಟ್ಸ್. ಕೆಲವು ಆಮದು ಲಿಫ್ಟ್‌ಗಳಲ್ಲಿ ಅಮೆರಿಕದ 60 ಹರ್ಟ್ಸ್ ಮೋಟರೇ ಬರುತ್ತದೆ, ಅದರ ಮೇಲಿನ ಫಲಕ ಓದದೆ ದುಡ್ಡು ಕೊಡಬೇಡಿ. ತೋಟಕ್ಕೆ ತ್ರೀ ಫೇಸ್ ಇದೆ, ಆದರೆ ಅದು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಮೋಟರ್‌ಗೆ ಬೇರೆಯೇ ಲೈನ್, ಬೇರೆ ಎಂಸಿಬಿ, ಒಳ್ಳೆಯ ಅರ್ಥಿಂಗ್. ಲಾಕ್ ಬಿಡಿಸುವುದು ಕೈಯಿಂದ ಎಳೆಯುವ ಒಂದೇ ಲಿವರ್. ಗಾಳಿಯಿಂದ ಲಾಕ್ ಬಿಡಿಸುವ ಮಾದರಿಗೆ ಕಂಪ್ರೆಸರ್ ಬೇಕು, ಅಂದರೆ ಕರೆಂಟ್‌ಗೆ ಕಾಯುವ ಇನ್ನೊಂದು ಯಂತ್ರ. ಮುಖ್ಯವಾಗಿ ಕೈಪಂಪ್, ಅಂದರೆ ಕರೆಂಟ್ ಇಲ್ಲದೆ ಕೈಯಿಂದಲೇ ಎಣ್ಣೆ ಒತ್ತುವ ಪಂಪ್. ಮೋಟರ್, ಪಂಪ್ ಸೇರಿರುವ ಕೆಲವು ಪವರ್ ಯೂನಿಟ್‌ಗಳಿಗೆ ಅದನ್ನು ಜೋಡಿಸಬಹುದು. ಎರಡಿಂಚು ಎತ್ತೋಕೆ ಅಷ್ಟು ಸಾಕು, ನಿಧಾನವಾದರೂ ಆಗುತ್ತದೆ. ಕೈಪಂಪ್ ಕೂರುವುದಿಲ್ಲ ಅಂದ ಲಿಫ್ಟನ್ನು ನಾನು ಅಲ್ಲಿಗೇ ಬಿಟ್ಟೆ, ಬೆಲೆ ಎಷ್ಟು ಕಮ್ಮಿ ಇದ್ದರೂ.

ತುಕ್ಕು, ತೊಲೆ, ಜೀಪಿನ ಅಗಲ

ಮಳೆಗಾಲದಲ್ಲಿ ಇಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸಲು ಬರುತ್ತದೆ. ಉಕ್ಕಿನ ಹಗ್ಗ ಬರೀ ಎಣ್ಣೆ ಸವರಿದ್ದಾದರೆ ಒಳಗಿನ ಎಳೆಗಳಿಂದ ತುಕ್ಕು ಶುರುವಾಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಗ್ಯಾಲ್ವನೈಸ್ ಮಾಡಿದ ಹಗ್ಗವೇ ಬೇಕು. ವರ್ಷಕ್ಕೊಮ್ಮೆ ಬಟ್ಟೆ ಹಿಡಿದು ಉದ್ದಕ್ಕೂ ಎಳೆದು ನೋಡಬೇಕು, ಮುರಿದ ಎಳೆ ಇದ್ದರೆ ಬಟ್ಟೆಗೆ ಸಿಕ್ಕುತ್ತದೆ. ಬರಿಗೈಯಲ್ಲಿ ಬೇಡ, ಕೊಯ್ಯುತ್ತದೆ. ರಾಟೆಯ ಪಿನ್‌ಗಳಿಗೆ ಗ್ರೀಸ್ ಹಾಕುವ ನಿಪ್ಪಲ್ ಇರಬೇಕು. ಟ್ಯಾಂಕಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತ ಅರ್ಥ, ಕೂಡಲೇ ಬದಲಿಸಬೇಕು.

ಎತ್ತರ ಅಳೆಯುವಾಗ ಹೆಂಚಿನವರೆಗೆ ಅಳೆದರೆ ಪ್ರಯೋಜನವಿಲ್ಲ, ಅಡ್ಡ ತೊಲೆವರೆಗೆ ಅಳೆಯಬೇಕು. ಕೆಳಗೆ ಹುಡ್ ಹಾಕಿದ ಜೀಪು 1.8 ಮೀಟರ್, ಹಲಗೆಯ ದಪ್ಪ ಒಂದು ಗೇಣಿಗೆ ಕಮ್ಮಿ, ಮೇಲೆ ಕಾರು ಒಂದೂವರೆ ಮೀಟರ್, ಜೊತೆಗೆ ಸ್ವಲ್ಪ ಬಿಡುವು. ಒಟ್ಟು 3.6 ಮೀಟರಾದರೂ ಖಾಲಿ ಬೇಕು. ನಮ್ಮ ತೊಲೆ ಅದಕ್ಕಿಂತ ಬಹಳ ಕೆಳಗಿದೆ, ಮಾಡು ಎತ್ತರಿಸಲೇಬೇಕು. ಸಾಮಾನ್ಯ ಮಾದರಿಯ ಅಡಿಯಲ್ಲಿ ಜೀಪಿನ ಹುಡ್ ತಾಗುತ್ತದೆ, ಉದ್ದ ಕಂಬದ ಮಾದರಿ ಕೇಳಿ ತರಿಸಬೇಕು.

ಅಗಲದ ವಿಷಯ ಹಳೆಯ ಜೀಪು ಇರುವವರು ಮರೆಯಬಾರದು. ವಿಲ್ಲಿಸ್ ಕಾಲದ ವಿನ್ಯಾಸದ ಜೀಪುಗಳಲ್ಲಿ ಎಡ ಬಲ ಚಕ್ರಗಳ ಮಧ್ಯದಿಂದ ಮಧ್ಯಕ್ಕೆ ಸುಮಾರು 1.23 ಮೀಟರ್ ಅಷ್ಟೇ. ಈಗಿನ ಅಗಲದ ಗಾಡಿಗಳಿಗೆ ಮಾಡಿದ ಲಿಫ್ಟಿನಲ್ಲಿ ಎರಡು ಹಲಗೆಗಳ ನಡುವಿನ ಸಂದು ದೊಡ್ಡದು. ಜೀಪಿನ ಟೈರು ಹಲಗೆಯ ಒಳ ಅಂಚಿನಲ್ಲೇ ಹೋಗುತ್ತದೆ. ಹಲಗೆಯ ಒಳ ಅಂಚಿನಿಂದ ಒಳ ಅಂಚಿಗೆ ಎಷ್ಟು ಅನ್ನುವ ಅಳತೆಯನ್ನು ಬರೆದು ತರಿಸಿಕೊಳ್ಳಿ. ನಾನು ಟೈರಿನ ಒಳಮೈಯಿಂದ ಒಳಮೈಗೆ ಅಳೆದು ಕಳಿಸಿ, ಎರಡೂ ಕಡೆ ಅಂಗೈ ಅಗಲ ಉಳಿಯುವುದನ್ನೇ ಆರಿಸಿದೆ.

ಯಾವುದು ಮೇಲೆ

ಮೊದಲು ನನ್ನ ಯೋಚನೆ ಜೀಪನ್ನು ಮೇಲಿಡುವುದಾಗಿತ್ತು. ಅಡಿಭಾಗ ತೊಳೆಯಬಹುದು, ಚಾಸಿಯೊಳಗೆ ಸೇರಿದ ಕೆಸರು ತೆಗೆಯಬಹುದು, ಕೆಳಗೆ ಕಾರು ಆರಾಮಾಗಿ ನಿಲ್ಲುತ್ತದೆ. ಅಪ್ಪ ಒಪ್ಪಲಿಲ್ಲ. ಹಳೆಯ ಡೀಸೆಲ್ ಇಂಜಿನ್, ಎಣ್ಣೆ ತೊಟ್ಟಿಕ್ಕದೆ ಇರುವುದಿಲ್ಲ, ಕಾರಿನ ಬಾನೆಟ್ ಹಾಳಾಗುತ್ತದೆ ಅಂದರು. ಅದಕ್ಕೆ ಎಣ್ಣೆ ಹಿಡಿಯಲು ಹಲಗೆಗಳ ನಡುವೆ ಕೂರಿಸುವ ತಟ್ಟೆ ಬರುತ್ತದೆ ಅಂತ ನಾನು. ಆಗ ಅವರು ಇನ್ನೊಂದು ಹೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಮಳೆಯಲ್ಲಿ ಆಳುಗಳ ಲೈನ್‌ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ, ದಾರಿಗೆ ಮರ ಬಿದ್ದಿದ್ದರೆ, ಕೆಸರಲ್ಲಿ ಹೋಗಬೇಕಾದ್ದು ಜೀಪೇ. ಅದು ಕೈಪಂಪ್ ಹೊಡೆಯುವವರೆಗೆ ಕಾಯುವ ಹಾಗಿರಬಾರದು.

ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಕಾರು ಮೇಲೆ, ಜೀಪು ಕೆಳಗೆ, ಮೂತಿ ಬಾಗಿಲ ಕಡೆ. ಬೇಸಿಗೆಯಲ್ಲಿ ಬೇಕಾದರೆ ಜೀಪನ್ನು ಎತ್ತಿ ರಿಪೇರಿ ಮಾಡಿಕೊಳ್ಳಬಹುದು. ಈ ಸಲ ದಸರಾ ಮುಗಿದು ನೆಲ ಒಣಗಿದ ಕೂಡಲೇ ಕಾಂಕ್ರೀಟು ಹಾಕಿಸುತ್ತೇವೆ. ಲಿಫ್ಟಿನ ಉದ್ದ ಹಲಗೆಗಳನ್ನು ಹೊತ್ತ ಲಾರಿ ನಮ್ಮ ತೋಟದ ತಿರುವಲ್ಲಿ ತಿರುಗುವುದಿಲ್ಲ, ಮುಖ್ಯರಸ್ತೆಯಲ್ಲಿ ಇಳಿಸಿ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ತರಬೇಕು. ರೊಬಸ್ಟಾ ಕುಯ್ಲು ಶುರುವಾಗುವ ಮೊದಲು ಮುಗಿಯಬೇಕು, ಆಮೇಲೆ ಟ್ರ್ಯಾಕ್ಟರೂ ಸಿಗುವುದಿಲ್ಲ, ಆಳೂ ಸಿಗುವುದಿಲ್ಲ.